ಸಿನಿಮಾ ತೋರಿಸಿದರೆ ಪ್ರಬಂಧ ಬರೆಯಲು ಬರುತ್ತಾ?

ಪ್ರಶ್ನೆ: ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಶಿಕ್ಷಕಿ ನಾನು. ಪಾತ್ರದ ಬಗ್ಗೆ ಬರೆಯಿರಿ ಅಂದರೆ ಹತ್ತನೇ ತರಗತಿ ಮಕ್ಕಳು ಕಥೆಯನ್ನೇ ಬರೆದಿಡುತ್ತಾರೆ. ಇಲ್ಲವೇ ಗೈಡಿನ ಸಾಲು. ತೆಲುಗಿನ ಹಳೇ ಸಿನಿಮಾ ‘ಮಾಯಾಬಜಾರ್’ ತೋರಿಸಿ ಬರೆಸಲಾ? ಸುಮ್ನೆ ಪೀರಿಯಡ್ ಹಾಳಾಗುತ್ತಾ?

ಉತ್ತರ: ತೋರಿಸಿ ಮೇಡಂ, ಆದರೆ ಪೂರ್ತಿ ಬೇಡ. ಮೂರು ಗಂಟೆ ಸಿನಿಮಾ ನೋಡಿದವರು ಮೂರು ಪುಟ ಕಥೆ ಬರೆಯುತ್ತಾರೆ, ನಿಮ್ಮ ಪಾಡು ಮತ್ತೆ ಅದೇ. ಒಂದೇ ಒಂದು ದೃಶ್ಯ ಸಾಕು. ತೆಲುಗಿನ ಚಿಂತೆಯಂತೂ ನಿಮ್ಮ ಕಡೆ ಬೇಕಿಲ್ಲ, ಗಡಿ ಊರಿನ ಮಕ್ಕಳು ನಮಗಿಂತ ಜಾಸ್ತಿ ಬಲ್ಲರು.

1957ರ ಈ ಸಿನಿಮಾದಲ್ಲಿ ನಿರ್ದೇಶಕ ಕೆ.ವಿ. ರೆಡ್ಡಿ ಪ್ರಿಯದರ್ಶಿನಿ ಅನ್ನುವ ಮಾಯದ ಪೆಟ್ಟಿಗೆ ತರುತ್ತಾರೆ. ತೆರೆದವರಿಗೆ ತಮಗೆ ಅತಿ ಪ್ರಿಯವಾದದ್ದು ಕಾಣುತ್ತದೆ. ಬಲರಾಮನ ಮಗಳು ಶಶಿರೇಖೆಗೆ ಅವಳು ಮೆಚ್ಚಿದ ಅಭಿಮನ್ಯು, ಅವಳ ತಾಯಿ ರೇವತಿಗೆ ಒಡವೆ, ಬಲರಾಮನಿಗೆ ದುರ್ಯೋಧನ. ಕೃಷ್ಣನಿಗೆ? ಶಕುನಿ! ಅಲ್ಲಿಗೆ ನಿಲ್ಲಿಸಿ. “ಶಕುನಿಯೇ ಯಾಕೆ?” ಅಂತ ಕೇಳಿ ಸುಮ್ಮನಿರಿ. ಸ್ವಲ್ಪ ಹೊತ್ತು ಗದ್ದಲ ಆಗಲಿ ಬಿಡಿ. ಒಬ್ಬ ‘ವೈರಿ ಮೇಲೆ ಕಣ್ಣಿಟ್ಟಾನ’ ಅಂದಾನು. ಇನ್ನೊಬ್ಬಳು ‘ಶಕುನಿ ಇಲ್ಲಂದ್ರ ಕೃಷ್ಣನ ಆಟ ನಡಿಯಂಗಿಲ್ರಿ’ ಅಂದಾಳು. ಎರಡೂ ಸರಿ, ನಡೆದದ್ದನ್ನು ತೋರಿಸಿ ಹೇಳಿದರೆ.

ಆಮೇಲೆ ಒಂದು ಪ್ಯಾರಾ ಬರೆಸಿ. ಮೊದಲ ವಾಕ್ಯ ತಮ್ಮ ಅಭಿಪ್ರಾಯ. ಹಿಂದೆಯೇ ಕಣ್ಣಾರೆ ಕಂಡದ್ದು. ಕೊನೆಗೆ ಕಂಡದ್ದಕ್ಕೂ ಅಭಿಪ್ರಾಯಕ್ಕೂ ಇರುವ ನಂಟು. ‘ರೇವತಿ ಪೆಟ್ಟಿಗೆ ತೆರೆದಳು, ಒಡವೆ ಕಂಡಿತು’ ಅನ್ನುವುದು ಬರೀ ಕಥೆ. ‘ರೇವತಿಗೆ ಮಗಳಿಗಿಂತ ಸಿರಿವಂತಿಕೆ ದೊಡ್ಡದು. ಪೆಟ್ಟಿಗೆಯಲ್ಲಿ ಅವಳಿಗೆ ಕಂಡದ್ದು ಒಡವೆ. ಮುಂದೆ ಬಡವನಾದ ಅಭಿಮನ್ಯುವನ್ನು ಬಿಟ್ಟು ದುರ್ಯೋಧನನ ಮನೆಯ ಸಂಬಂಧಕ್ಕೆ ಒಪ್ಪುತ್ತಾಳೆ, ಆ ಒಡವೆ ಅದರ ಸುಳಿವು’. ಇದು ವಿಮರ್ಶೆ. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಿ, ಲಕ್ಷಣ ಬರೆಸುವ ಗೊಡವೆ ಬೇಡ.

ಸಿನಿಮಾ ಅಲ್ಲಿಗೆ ಮುಗಿದರೆ ನನಗೂ ಸಮಾಧಾನ ಇಲ್ಲ. ಮಾರನೇ ದಿನ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪದ್ಯ ತೆಗೆಯಿರಿ. ಅಲ್ಲೂ ಅದೇ ಕೃಷ್ಣ. ಹುಟ್ಟಿನ ಗುಟ್ಟು ಹೇಳುವ ಮೊದಲು ಮೈದುನನ ಸಲಿಗೆ ತೋರಿಸಿ ಕರ್ಣನನ್ನು ಬರಸೆಳೆದು ರಥದಲ್ಲಿ ಕೂರಿಸಿಕೊಳ್ಳುತ್ತಾನೆ. ಈ ಪ್ರೀತಿ ನಿಜವಾ, ಕೆಲಸ ಆಗಲಿ ಅಂತ ಹೂಡಿದ್ದಾ? ಶಕುನಿಯ ಬಗ್ಗೆ ಜಗಳ ಆಡಿದ ಮಕ್ಕಳು ಇದಕ್ಕೆ ಗೈಡ್ ಹುಡುಕುವುದಿಲ್ಲ. ನಡುಗನ್ನಡ ಕಷ್ಟ ಅನ್ನುವವರೂ ಸಾಲು ತಿರುವಿ ನೋಡುತ್ತಾರೆ, ಸಾಕ್ಷಿ ಬೇಕಲ್ವಾ!

ಮೊದಮೊದಲು ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ. ಘಟೋತ್ಕಚನ ‘ವಿವಾಹ ಭೋಜನಂಬು’ ಹಾಡು ಹಾಕಿ ಅಂತ ಕೇಳಿಯೇ ಕೇಳುತ್ತಾರೆ. ಪ್ಯಾರಾ ಬರೆದು ಕೊಟ್ಟ ಮೇಲೆ ಹಾಕಿ.