ಲಾಳ ನಿಲ್ಲುತ್ತಲೇ ಇಲ್ಲ!

ಪ್ರಶ್ನೆ: ನನ್ನ ಕುದುರೆ ಮುಂಗಾಲಿನ ಲಾಳ ಪದೇ ಪದೇ ಕಿತ್ತುಕೊಳ್ಳುತ್ತದೆ. ಹೊಸದು ಹೊಡೆಸಿ 10 ದಿನ ಆಗಿರುವುದಿಲ್ಲ, ಮತ್ತೆ ಬಯಲಲ್ಲಿ ಲಾಳ ಹುಡುಕುವ ಕೆಲಸ. ಮೊಳೆ ಜಾಸ್ತಿ ಹೊಡೆಸಲೇ?

ಉತ್ತರ: ಬೇಡ. ಮೊಳೆ ಹೆಚ್ಚಾದಷ್ಟೂ ಗೊರಸಿನಲ್ಲಿ ತೂತು ಜಾಸ್ತಿ, ಮುಂದಿನ ಸಲ ಲಾಳದ ಜೊತೆ ಗೊರಸಿನ ಚೂರೂ ಬರುತ್ತದೆ. ಮುಂಗಾಲಿನದ್ದೇ ಹೋಗುತ್ತಿದೆ ಅಂದರೆ ಸಾಮಾನ್ಯವಾಗಿ ಕಳ್ಳ ಹಿಂಗಾಲು! ಮುಂಗಾಲು ನೆಲ ಬಿಡುವುದು ಚೂರು ತಡವಾದರೂ ಹಿಂಗಾಲು ಬಂದು ಲಾಳದ ಹಿಂತುದಿಯನ್ನು ತುಳಿಯುತ್ತದೆ, ಕುದುರೆ ಕಾಲೆತ್ತಿದ ಕೂಡಲೇ ಲಾಳ ಅಲ್ಲೇ ಉಳಿಯುತ್ತದೆ. ಗೊರಸಿನ ಮುಂತುದಿ ಉದ್ದ ಬೆಳೆದಿದ್ದರೆ ಈ ತಡ ಇನ್ನೂ ಹೆಚ್ಚು. ಹಾಗಾಗಿ 4ರಿಂದ 6 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಮತ್ತೆ ಕೂರಿಸಿ, ಸುಮ್ನೆ ಮುಂದೂಡಬೇಡಿ. ಲಾಳದ ಮುಂತುದಿ ಸ್ವಲ್ಪ ಉರುಟು ಮಾಡಲು ಲಾಳ ಹೊಡೆಯುವವರಿಗೆ ಹೇಳಿ. ಆದರೆ ಲಾಳದ ಹಿಂತುದಿಯನ್ನು ತೀರಾ ಗಿಡ್ಡ ಮಾಡಿಸಬೇಡಿ, ಹಿಮ್ಮಡಿಗೆ ಆಸರೆ ಬೇಕಲ್ವಾ?

ಬಯಲಿಗೆ ಬಿಡುವಾಗ ಮುಂಗಾಲಿನ ಗೊರಸಿಗೆ ಗಂಟೆಯಾಕಾರದ ರಬ್ಬರ್ ಕವಚ ಹಾಕಿ. ಅದು ಹಿಮ್ಮಡಿಯನ್ನೂ ಲಾಳದ ಹಿಂತುದಿಯನ್ನೂ ಮುಚ್ಚಿ ಹೆಚ್ಚುಕಮ್ಮಿ ನೆಲ ಮುಟ್ಟುವಂತಿರಲಿ, ಗಿಡ್ಡದ್ದು ಹಾಕಿದರೆ ಹಾಕದಂತೆಯೇ. ಒಮ್ಮೆ ಕೆಸರು, ಒಮ್ಮೆ ಒಣನೆಲ ಅಂತ ಬದಲಾಗುತ್ತಿದ್ದರೂ ಗೊರಸು ಮೆತ್ತಗಾಗಿ ಮೊಳೆ ಸಡಿಲವಾಗುತ್ತದೆ. ಬಯೋಟಿನ್ (ಒಂದು ಬಿ ವಿಟಮಿನ್) ಕೊಡಬಹುದು, ಆದರೆ ಗೊರಸು ಪೂರ್ತಿ ಹೊಸದಾಗಿ ಬೆಳೆಯಲು ಸುಮಾರು ಒಂದು ವರ್ಷ ಬೇಕು, ನಾಳೆಯೇ ಫಲ ಸಿಗದು.

ಕಿತ್ತುಹೋದ ಲಾಳವನ್ನು ಮಾತ್ರ ಹುಡುಕಲೇಬೇಕು. ಮೊಳೆ ಮೇಲಾಗಿ ಬಿದ್ದಿದ್ದರೆ ಕುದುರೆ ಅದನ್ನೇ ತುಳಿದೀತು.