ಸ್ಟೆಂಟ್ ಹಾಕಿಸಿಕೊಂಡವರಿಗೆ ಗಿಡಮೂಲಿಕೆ ಕ್ಯಾಪ್ಸೂಲ್ ಸಾಕಾ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಕಳೆದ ವರ್ಷ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಅಟೋರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಾರೆ. ಸ್ಟಾಟಿನ್‌ನಿಂದಲೇ ಕಾಲು ನೋವು ಬರುತ್ತಿದೆ, ಅದನ್ನು ಬಿಟ್ಟು ಬೆಳ್ಳುಳ್ಳಿ ಕ್ಯಾಪ್ಸೂಲ್, ಗುಗ್ಗುಳು, ರೆಡ್ ಯೀಸ್ಟ್ ರೈಸ್ ಶುರು ಮಾಡುತ್ತೇನೆ ಎಂದು ಹಟ ಹಿಡಿದಿದ್ದಾರೆ. ಗಿಡಮೂಲಿಕೆ ತಾನೇ, ಸೈಡ್ ಎಫೆಕ್ಟ್ ಇರಲ್ಲ ಅಂತಾರೆ. ಏನು ಹೇಳಲಿ?

ಉತ್ತರ: ಡಾಕ್ಟರನ್ನು ಕೇಳದೆ ಸ್ಟಾಟಿನ್ ಬಿಡಬಾರದು ಎಂದು ಇವತ್ತೇ ಹೇಳಿ. ಮಿಕ್ಕಿದ್ದನ್ನು ನಿಧಾನವಾಗಿ ಮಾತಾಡಬಹುದು.

ರೆಡ್ ಯೀಸ್ಟ್ ರೈಸ್‌ನಿಂದಲೇ ಶುರು ಮಾಡೋಣ, ತಮಾಷೆ ಇರುವುದೇ ಅಲ್ಲಿ. ಇದು ಒಂದು ಜಾತಿಯ ಬೂಷ್ಟು ಬೆಳೆಸಿದ ಅಕ್ಕಿ. ಅದರಲ್ಲಿರುವ ಮೊನಾಕೋಲಿನ್ ಕೆ ಎಂಬ ವಸ್ತು ಕೊಲೆಸ್ಟ್ರಾಲನ್ನು ನಿಜವಾಗಿಯೂ ಇಳಿಸುತ್ತದೆ. ಯಾಕೆ ಗೊತ್ತಾ? ಅದು ಲೋವಾಸ್ಟಾಟಿನ್ನೇ! 1987ರಿಂದ ಅಮೆರಿಕದಲ್ಲಿ ಡಾಕ್ಟರ ಚೀಟಿ ಮೇಲೆ ಸಿಗುವ ಮಾತ್ರೆಯಲ್ಲಿರುವುದೂ ಅದೇ ವಸ್ತು. ಅಂದರೆ ನಿಮ್ಮ ತಂದೆ ಸ್ಟಾಟಿನ್ ಬೇಡವೆಂದು ಇನ್ನೊಂದು ಸ್ಟಾಟಿನ್ನನ್ನೇ ನುಂಗಲು ಹೊರಟಿದ್ದಾರೆ, ಅದೂ ಎಷ್ಟು ಪ್ರಮಾಣ ಅಂತ ತಿಳಿಯದೆ, ಯಾಕೆಂದರೆ ಒಂದು ಬಾಟಲಿಯಲ್ಲಿ ಅದು ಜಾಸ್ತಿ ಇದ್ದರೆ ಇನ್ನೊಂದರಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಹಾಗಾಗಿ ಸ್ನಾಯು ನೋವು ಇದರಲ್ಲೂ ಬರಬಹುದು, ಲಿವರ್ ತೊಂದರೆಯೂ ಬರಬಹುದು. ಅಟೋರ್ವಾಸ್ಟಾಟಿನ್ ಜೊತೆಗೇ ಸೇರಿಸಿದರೆ ಅಪಾಯ ಇನ್ನೂ ಜಾಸ್ತಿ. ಕೆಲವು ಉತ್ಪನ್ನಗಳಲ್ಲಿ ಸಿಟ್ರಿನಿನ್ ಎಂಬ, ಕಿಡ್ನಿಗೆ ಕೆಡುಕು ಮಾಡುವ ವಿಷವೂ ಸಿಕ್ಕಿದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ಇಂಥ ಸಪ್ಲಿಮೆಂಟಿನಲ್ಲಿ ಮೊನಾಕೋಲಿನ್ ದಿನಕ್ಕೆ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕು ಎಂದು ನಿಯಮ ಮಾಡಿತು. ಸುಮ್ನೆ ಯಾರೂ ಇಂಥ ಮಿತಿ ಹಾಕುವುದಿಲ್ಲ, ಅಲ್ವಾ?

ಬೆಳ್ಳುಳ್ಳಿಯ ಹೆಸರು ದೊಡ್ಡದು. ಆದರೆ 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಹಸಿ ಬೆಳ್ಳುಳ್ಳಿಯನ್ನೂ ಎರಡು ಬಗೆಯ ಸಪ್ಲಿಮೆಂಟನ್ನೂ ಆರು ತಿಂಗಳು ಕೊಟ್ಟು ನೋಡಿದಾಗ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಅಡುಗೆಗೆ ಹಾಕುವುದಕ್ಕೆ ಅಡ್ಡಿಯಿಲ್ಲ. ಆದರೆ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ನುಂಗುವವರು ಅದರ ಸಾರ ತುಂಬಿದ ಕ್ಯಾಪ್ಸೂಲ್ ಸೇರಿಸಿಕೊಂಡರೆ ರಕ್ತಸ್ರಾವದ ಅಪಾಯ ಏರಬಹುದು.

ಗುಗ್ಗುಳಿನ ಕಥೆ ಇನ್ನೂ ಬೇರೆ. 2003ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಎಂಟು ವಾರ ಅದನ್ನು ತೆಗೆದುಕೊಂಡವರ ಎಲ್‌ಡಿಎಲ್ ಇಳಿಯುವ ಬದಲು ಸ್ವಲ್ಪ ಏರಿತು. ಕೆಲವರಿಗೆ ಮೈಮೇಲೆ ದದ್ದು ಬೇರೆ.

ಈಗ ಕಾಲು ನೋವು. ಅದನ್ನು ತಳ್ಳಿಹಾಕಬೇಡಿ, ಅದು ಅವರಿಗೆ ನಿಜವಾದ ನೋವು. ಸ್ಟಾಟಿನ್‌ನಿಂದ ಸ್ನಾಯು ನೋವು ಬರುವುದುಂಟು. ಆದರೆ ನಾವು ಅಂದುಕೊಂಡಷ್ಟು ಜನಕ್ಕಲ್ಲ. 2020ರಲ್ಲಿ ಬ್ರಿಟನ್ನಿನಲ್ಲಿ, ತೊಂದರೆಯಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ತಿಂಗಳು ಸ್ಟಾಟಿನ್, ಇನ್ನೊಂದು ತಿಂಗಳು ಖಾಲಿ ಮಾತ್ರೆ, ಮತ್ತೊಂದು ತಿಂಗಳು ಏನೂ ಇಲ್ಲ, ಹೀಗೆ ಬದಲಿಸುತ್ತಾ ಕೊಟ್ಟರು. ಸ್ಟಾಟಿನ್‌ನಲ್ಲಿ ಕಂಡ ತೊಂದರೆಯ ಶೇಕಡಾ 90ರಷ್ಟು ಖಾಲಿ ಮಾತ್ರೆಯಲ್ಲೂ ಕಂಡಿತ್ತು. ಅರ್ಧದಷ್ಟು ಜನ ಆಮೇಲೆ ಮತ್ತೆ ಸ್ಟಾಟಿನ್ ಶುರು ಮಾಡಿದರು. ಇದನ್ನು ತಂದೆಗೆ ಹೇಳುವಾಗ ಮಾತ್ರ ‘ಎಲ್ಲಾ ನಿಮ್ಮ ಮನಸ್ಸಿನದು’ ಅನ್ನಬೇಡಿ, ಜಗಳ ಆಗುತ್ತದೆ.

ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಸಿಕೆ ಎಂಬ ಸ್ನಾಯುವಿನ ರಕ್ತಪರೀಕ್ಷೆ, ಥೈರಾಯ್ಡ್, ವಿಟಮಿನ್ ಡಿ ನೋಡಬೇಕೇ ಎಂದು ಕೇಳಿ. ಪ್ರಮಾಣ ಇಳಿಸಬಹುದು, ರೋಸುವಾಸ್ಟಾಟಿನ್ ಎಂಬ ಇನ್ನೊಂದು ಸ್ಟಾಟಿನ್‌ಗೆ ಬದಲಿಸಬಹುದು, ಸ್ಟಾಟಿನ್ ಅಲ್ಲದ ಎಜೆಟಿಮೈಬ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಸೇರಿಸಬಹುದು. ಸ್ಟಾಟಿನ್ ಆಗದೇ ಇದ್ದವರಿಗೆ ಚುಚ್ಚುಮದ್ದೂ ಇದೆ. ಒಮ್ಮೆ ಹೃದಯಾಘಾತ ಆದವರ ಎಲ್‌ಡಿಎಲ್ 70ಕ್ಕಿಂತ, ಸಾಧ್ಯವಾದರೆ 55ಕ್ಕಿಂತ ಕೆಳಗಿರಬೇಕು ಎನ್ನುತ್ತಾರೆ. ಗಿಡಮೂಲಿಕೆ ಕ್ಯಾಪ್ಸೂಲ್ ನಂಬಿ ಅಲ್ಲಿಗೆ ತಲುಪುವುದು ಕಷ್ಟ. ಕಾಲು ನೋವಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ನನಗೂ ಹೃದಯದ ತೊಂದರೆ ಇದೆ. ಮಾತ್ರೆ ಬಿಡುವುದಿಲ್ಲ, ಅದರ ಜೊತೆಗೆ ಇಸಬ್ಗೋಲ್ ತೆಗೆದುಕೊಂಡರೆ ಪ್ರಯೋಜನ ಇದೆಯಾ?

ಉತ್ತರ: ಇದೆ, ಸ್ವಲ್ಪ. ಅದರ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಕಳಿಸುತ್ತದೆ. ಆಗ ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳುತ್ತದೆ. ದಿನಾ ತೆಗೆದುಕೊಂಡರೆ ಎಲ್‌ಡಿಎಲ್ ಶೇಕಡಾ 5ರಿಂದ 10ರಷ್ಟು ಇಳಿಯಬಹುದು. ನೀರು ಧಾರಾಳವಾಗಿ ಕುಡಿಯಿರಿ, ಇಲ್ಲದಿದ್ದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ನಿಮ್ಮ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಮುಂದಿನ ಸಲ ಡಾಕ್ಟರನ್ನು ಕಂಡಾಗ ಇದನ್ನೂ ಬರೆಸಿ.