ಫ್ಲ್ಯಾಟ್‌ನಲ್ಲಿ ‘ಅರ್ಧ’ ಎಂಬ ಲೆಕ್ಕ ಎಲ್ಲಿಂದ ಬಂತು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ರಾಗ: ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಬರುತ್ತದಲ್ಲವೇ? ಹೆಂಡತಿಯರು ಆಸೆಯಿಂದ ಕೇಳುತ್ತಾರೆ, ಗಂಡಂದಿರು ಭಯದಿಂದ. ಇಬ್ಬರಿಗೂ ಉತ್ತರ ಒಂದೇ: ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಅಂಥ ಮಾತು ಸಿಗುವುದಿಲ್ಲ. ಅದು ಕ್ಯಾಲಿಫೋರ್ನಿಯಾದ ಕಾನೂನು. ಸಾಫ್ಟ್‌ವೇರ್‌ನವರ ಸಾಮಾನಿನ ಜೊತೆ ವೈಟ್‌ಫೀಲ್ಡ್‌ನಲ್ಲಿ ಬಂದಿಳಿದಿರಬೇಕು.

ಪ್ರಶ್ನೆ: 2016ರಲ್ಲಿ ಯಲಹಂಕದಲ್ಲಿ 58 ಲಕ್ಷಕ್ಕೆ ಫ್ಲ್ಯಾಟ್ ಕೊಂಡೆವು. ನೋಂದಣಿ ಇಬ್ಬರ ಹೆಸರಿನಲ್ಲಿದೆ. ಮುಂಗಡಕ್ಕೆ ನನ್ನ ಮದುವೆಯ ಒಡವೆ ಮಾರಿ 9 ಲಕ್ಷ ಕೊಟ್ಟೆ. ಕಂತು ಅವರ ಸಂಬಳದಿಂದ ಹೋಗುತ್ತದೆ, ನನಗೆ ಕೆಲಸವಿಲ್ಲ. ‘ಕಂತು ಕಟ್ಟುವವನು ನಾನು, ಮನೆ ನನ್ನದು’ ಎನ್ನುತ್ತಾ ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಕೇಳುತ್ತಿದ್ದಾರೆ. ನನಗೇನು ಸಿಗುತ್ತದೆ, ಮೇಡಂ?

ಉತ್ತರ: ನೀವು ಪತ್ರದ ಜೊತೆ ಖಾತಾ ಪ್ರತಿ ಕಳಿಸಿದ್ದೀರಿ. ಎಲ್ಲರೂ ಅದನ್ನೇ ಕಳಿಸುತ್ತಾರೆ. ತೆರಿಗೆ ಯಾರ ಹೆಸರಿನಲ್ಲಿ ಕಟ್ಟಬೇಕು ಎಂಬುದಷ್ಟೇ ಖಾತಾದಿಂದ ತಿಳಿಯುತ್ತದೆ. ಒಡೆತನ ತಿಳಿಯಲು ಕ್ರಯಪತ್ರ ಬೇಕು. ಅದರಲ್ಲಿ ‘ಸಮಪಾಲು’ ಎಂದು ಬರೆದಿದ್ದರೆ, ಅದನ್ನು ಅಲ್ಲಗಳೆಯುವ ಕಷ್ಟ ನಿಮ್ಮ ಯಜಮಾನರದು. ಪಾಲಿನ ಮಾತೇ ಇಲ್ಲದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಂ ನೋಡಬೇಕು: ಹಣ ಹಾಕಿದ ಪ್ರಮಾಣಕ್ಕೆ ತಕ್ಕ ಪಾಲು, ಯಾರು ಎಷ್ಟು ಹಾಕಿದರೆಂಬುದಕ್ಕೆ ಪುರಾವೆಯೇ ಇಲ್ಲದಿದ್ದರೆ ಸಮಪಾಲು. ಅವರು ಬ್ಯಾಂಕಿನ ಲೆಕ್ಕಪಟ್ಟಿ ತಂದು ಕಂತು ತೋರಿಸುತ್ತಾರೆ. ನೀವು ತೋರಿಸುವುದೇನು?

ಹೋದ ತಿಂಗಳು ಒಬ್ಬಾಕೆ ಒಡವೆ ಅಂಗಡಿಯ ಬಿಲ್ಲನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಜೋಪಾನವಾಗಿ ತಂದಿದ್ದರು. ಬಿಡಿಸಿ ನೋಡಿದರೆ ಬಿಳಿ ಹಾಳೆ. ಆ ನುಣುಪು ಕಾಗದದ ಅಕ್ಷರ ಕೆಲವು ವರ್ಷಕ್ಕೇ ಮಾಸಿಹೋಗುತ್ತದೆ. ನಿಮ್ಮ ಬಿಲ್ಲನ್ನು ಇವತ್ತೇ ಜೆರಾಕ್ಸ್ ಮಾಡಿಸಿ. ಅಂಗಡಿಯವರು ಕೊಟ್ಟ ಹಣ ನಿಮ್ಮ ಖಾತೆಗೆ ಬಂದ ದಿನ, ಅಲ್ಲಿಂದ ಬಿಲ್ಡರಿಗೆ ಹೋದ ದಿನ, ಎರಡೂ ಪಾಸ್‌ಬುಕ್‌ನಲ್ಲಿ ಸಿಕ್ಕರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಮದುವೆ ಆಲ್ಬಮ್ಮನ್ನೂ ತೆಗೆದಿಡಿ. ಕಾಸಿನ ಸರ ನಿಮ್ಮ ಕೊರಳಲ್ಲಿದ್ದ ಒಂದು ಫೋಟೊ ಹತ್ತು ಜನ ಸಾಕ್ಷಿಗಳಿಗಿಂತ ಗಟ್ಟಿ.

ಫ್ಲ್ಯಾಟ್‌ನ ಪಾಲು ಬೇರೆ, ಒಡವೆ ಬೇರೆ, ಎರಡನ್ನೂ ಕಲಸಬೇಡಿ. ಮದುವೆಯಲ್ಲಿ ನಿಮಗೆ ಬಂದ ಒಡವೆ ಸ್ತ್ರೀಧನ, ಅದಕ್ಕೆ ನೀವೊಬ್ಬರೇ ಒಡತಿ. ಗಂಡ ಕಷ್ಟಕಾಲದಲ್ಲಿ ಬಳಸಿದರೂ ಅದನ್ನೋ ಅದರ ಬೆಲೆಯನ್ನೋ ಹಿಂತಿರುಗಿಸುವ ನೈತಿಕ ಹೊಣೆ ಅವನದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಮತ್ತೊಮ್ಮೆ ಹೇಳಿದೆ. ಮನೆಗೆಲಸವೂ ಆಸ್ತಿ ಸಂಪಾದನೆಯಲ್ಲಿ ಪಾಲೇ ಎಂದು ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿರುವುದೂ ನಿಜ. ವಾದಕ್ಕೆ ಒಳ್ಳೆಯ ಆಸರೆ, ಆದರೆ ಇಲ್ಲಿನ ನ್ಯಾಯಾಲಯಕ್ಕೆ ಕಡ್ಡಾಯವಲ್ಲ. ಅದೊಂದನ್ನೇ ನಂಬಿ ಕೂರಬೇಡಿ.

ಇನ್ನು ಸಹಿಯ ವಿಷಯ. ಒಪ್ಪಿಗೆಯ ಅರ್ಜಿಗಳಲ್ಲಿ ಕೊನೆಯ ಪುಟಕ್ಕೆ ಸ್ವಲ್ಪ ಮೊದಲು ಒಂದು ಸಾಲು ಕೂತಿರುತ್ತದೆ: ‘ಸ್ತ್ರೀಧನ, ಜೀವನಾಂಶ ಎಲ್ಲವೂ ಸಂದಾಯವಾಗಿದೆ, ಮುಂದೆ ಯಾವ ಹಕ್ಕೂ ಇಲ್ಲ.’ ಹಣ ಕೈಗೆ ಬಾರದೆ ಅದರ ಕೆಳಗೆ ಸಹಿ ಹಾಕಿದವರು ಆಮೇಲೆ ನನ್ನ ಮುಂದೆ ಕೂತು ಅಳುತ್ತಾರೆ. ಕೌಟುಂಬಿಕ ನ್ಯಾಯಾಲಯವಿರುವ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದ ಮೆಟ್ಟಿಲಲ್ಲಿ ಆ ಅಳುವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈಗಾಗಲೇ ಸಹಿ ಮಾಡಿದ್ದರೂ ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶ, ಆಗುವವರೆಗೆ ಒಪ್ಪಿಗೆ ಹಿಂಪಡೆಯಬಹುದು. ಸುಪ್ರೀಂ ಕೋರ್ಟ್ ಇದನ್ನು 1991ರಲ್ಲೇ ಹೇಳಿದೆ.

ನಿನ್ನ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರವನ್ನು ಮೊದಲು ಬರೆದುಕೊಡು, ಮೂರು ತಿಂಗಳಲ್ಲಿ ದುಡ್ಡು ಕೊಡುತ್ತೇನೆ ಎಂದರೆ ಒಪ್ಪಬೇಡಿ. ನನ್ನ ಕಕ್ಷಿದಾರರಿಗೆ ನಾನು ಹಾಕುವ ನಿಯಮ ಇಷ್ಟು: ಡಿ.ಡಿ. ನ್ಯಾಯಾಧೀಶರ ಎದುರಿಗೆ ಕೈಗೆ ಬರಬೇಕು, ಖುಲಾಸೆ ಪತ್ರ ಆಮೇಲೆ. ಸಂಶಯದ ಪ್ರಾಣಿ ಎಂದು ಎದುರು ವಕೀಲರು ನಗುತ್ತಾರೆ, ನಗಲಿ.

ಸಾಲ ನಿಮ್ಮಿಬ್ಬರ ಹೆಸರಿನಲ್ಲಿದೆಯೇ ಎಂದು ನೀವು ಬರೆದೇ ಇಲ್ಲ. ಇದ್ದರೆ, ‘ಇನ್ನು ಮುಂದೆ ಕಂತು ಗಂಡನೇ ಕಟ್ಟತಕ್ಕದ್ದು’ ಎಂದು ಡಿಕ್ರಿಯಲ್ಲಿ ಬರೆಸಿದರೂ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಅವರು ಕಟ್ಟದಿದ್ದರೆ ನೋಟಿಸ್ ನಿಮಗೂ ಬರುತ್ತದೆ. ಸಾಲ ತೀರಿಸಿ, ಇಲ್ಲವೇ ಅವರೊಬ್ಬರ ಹೆಸರಿಗೆ ಮಾಡಿಸಿ, ನಿಮ್ಮನ್ನು ಬಿಡುಗಡೆ ಮಾಡಿದ ಪತ್ರ ಬ್ಯಾಂಕಿನಿಂದ ಪಡೆಯಿರಿ. ಎರಡೂ ಆಗದಿದ್ದರೆ ಫ್ಲ್ಯಾಟ್ ಮಾರಿ, ಸಾಲ ಕಳೆದು ಉಳಿದದ್ದನ್ನು ಹಂಚಿಕೊಳ್ಳುವುದೇ ಸರಿ. ಎರಡು ಕೋಣೆಯ ಮನೆಗೆ ನಡುವೆ ಗೋಡೆ ಎಬ್ಬಿಸಲು ಬರುವುದಿಲ್ಲ. ಪಾಲಿನ ದಾವೆಯನ್ನೂ ಕೌಟುಂಬಿಕ ನ್ಯಾಯಾಲಯದಲ್ಲೇ ಹೂಡಬಹುದು. ಹೊಡೆತ ಬಡಿತದ ಭಯವಿಲ್ಲದಿದ್ದರೆ ಅಲ್ಲಿಯವರೆಗೆ ಮನೆ ಬಿಟ್ಟು ತವರಿಗೆ ಹೊರಡಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ನಿಮಗೆ ಅಲ್ಲಿರುವ ಹಕ್ಕು ಕೊಟ್ಟಿದೆ.

ಪ್ರಶ್ನೆ: ಸೈಟನ್ನು ಅಮ್ಮನಿಗೆ ದಾನಪತ್ರ ಮಾಡಿಬಿಟ್ಟರೆ ಜೀವನಾಂಶ ತಪ್ಪುತ್ತದೆಯೇ?

ಉತ್ತರ: ತಪ್ಪುವುದಿಲ್ಲ. 2020ರಿಂದ ಆಸ್ತಿ, ಸಾಲ, ಆದಾಯವನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜಗಳ ಶುರುವಾದ ಮೇಲೆ ಹುಟ್ಟಿದ ದಾನಪತ್ರ, ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿಯಾದ ಋಣಭಾರ ಪತ್ರದಲ್ಲಿ ತಾರೀಖಿನ ಸಮೇತ ಕಾಣುತ್ತದೆ. ಪಾಪ, ತಾಯಿಯನ್ನೂ ಕಟಕಟೆ ಹತ್ತಿಸುತ್ತೀರಿ.

ಪ್ರಶ್ನೆ: ಏಳು ವರ್ಷ ದೂರವಿದ್ದರೆ ತಾನಾಗಿಯೇ ವಿಚ್ಛೇದನವಂತೆ?

ಉತ್ತರ: ಎಪ್ಪತ್ತು ವರ್ಷ ದೂರವಿದ್ದರೂ ಇಲ್ಲ. ಆ ಏಳು ವರ್ಷ ಬದುಕಿದ್ದಾರೋ ಇಲ್ಲವೋ ಎಂಬ ಸುದ್ದಿಯೇ ಇಲ್ಲದವರ ಲೆಕ್ಕ.

ಪ್ರಶ್ನೆ: ನನಗೆ ಮಾವನ ಪಿತ್ರಾರ್ಜಿತ ಜಮೀನಿನಲ್ಲಿ ಪಾಲಿದೆಯೇ?

ಉತ್ತರ: ನಿಮಗಿಲ್ಲ. ನಿಮ್ಮ ಮಗಳಿಗೆ ಹುಟ್ಟಿನಿಂದಲೇ ಇದೆ, ನೀವು ವಿಚ್ಛೇದನ ಪಡೆದರೂ ಅದು ಹೋಗದು.

ಪ್ರಶ್ನೆ: ಛಾಪಾ ಕಾಗದದಲ್ಲಿ ನೋಟರಿ ಮುಂದೆ ಬರೆಸಿ ಹದಿನೈದು ದಿನದಲ್ಲಿ ವಿಚ್ಛೇದನ ಕೊಡಿಸುತ್ತೇನೆ ಎಂದು ಒಬ್ಬರು 40,000 ರೂಪಾಯಿ ತೆಗೆದುಕೊಂಡಿದ್ದಾರೆ.

ಉತ್ತರ: ಆ ಕಾಗದಕ್ಕೆ ಬೆಲೆಯಿಲ್ಲ; ನಿಮ್ಮ ಮದುವೆ ಹಾಗೆಯೇ ಇದೆ. ಹಣ ವಾಪಸ್ ಕೇಳಿ, ಕೊಡದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡಿ.